ಸಣ್ಣ ಸಪ್ಪಳ ಕೇಳಿದ ದಿನ

ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಮರಾಠಿ ನಾಡಿನ ಹಡಪಸರದ ಒಂದು ಕಾರ್ಖಾನೆಯ ಅಂಗಳ. ಫೋರ್ಕ್‌ಲಿಫ್ಟ್ ಹಿಮ್ಮುಖವಾಗಿ ಬರುತ್ತಿತ್ತು. ಹಿಂದೆ ಸರಿಯುವಾಗ ಅದು ಹೊಡೆದುಕೊಳ್ಳುವ ಎಚ್ಚರಿಕೆಯ ಸದ್ದು, ಅಂಗಳದ ಇನ್ನೊಂದು ತುದಿಯಲ್ಲಿ ಸ್ಕೂಟರಿನಿಂದ ಸಾಮಾನು ಇಳಿಸುತ್ತಿದ್ದ ನನಗೂ ಕೇಳುತ್ತಿತ್ತು. ಅದರ ದಾರಿಯಲ್ಲಿ ಒಬ್ಬ ಕಾರ್ಮಿಕ ಬೆನ್ನು ಮಾಡಿ ನಡೆಯುತ್ತಿದ್ದ. ಕೈಯಲ್ಲಿ ಒಂದು ಕಾಗದ, ಮುಖದಲ್ಲಿ ನಗು. ಅವನು ತಿರುಗಲಿಲ್ಲ. ಯಾರೋ ಕೂಗಿದರು. ಚಾಲಕ ಬ್ರೇಕ್ ಒತ್ತಿದ. ಯಂತ್ರದ ಹಿಂಭಾಗ ಭುಜಕ್ಕೆ ತಾಗಿ ಅವನು ಅಂಗೈ ಊರಿ ಮುಂದಕ್ಕೆ ಬಿದ್ದ. ಹೆಲ್ಮೆಟ್ ಉರುಳಿ ಗೋಡೆಯವರೆಗೆ ಹೋಯಿತು.

ಆದದ್ದು ಇಷ್ಟೇ. ಅಂಗೈ ತರಚಿತ್ತು, ಬೇರೆ ಪೆಟ್ಟಿರಲಿಲ್ಲ. ಅವನು ಎದ್ದು, ಬಿದ್ದ ಕಾಗದವನ್ನು ಮೊದಲು ಎತ್ತಿಕೊಂಡು, ಆಮೇಲೆ ಹೆಲ್ಮೆಟ್ ಕಡೆ ಹೋದ.

ಆ ಕಾಗದವನ್ನು ನಾನು ಗುರುತಿಸಿದೆ. ಅದರ ನೀಲಿ ಅಂಚು ನನಗೆ ಗೊತ್ತು. ಅದು ಅಂಗಳದಲ್ಲಿ ನಿಂತಿದ್ದ ವೈದ್ಯಕೀಯ ವ್ಯಾನಿನಿಂದ ಆಗಷ್ಟೇ ಹೊರಬಂದ ಕಿವಿಪರೀಕ್ಷೆಯ ಫಲಿತಾಂಶ. ಆ ವ್ಯಾನಿನ ಧ್ವನಿ ಯಂತ್ರವನ್ನು ಜೋಡಿಸಿದವಳು ನಾನು. ಅಂದು ಬಂದದ್ದೂ ಅದರ ಹೆಡ್‌ಫೋನಿನ ಸವೆದ ಮೆತ್ತೆ ಬದಲಿಸಿ, ಅಳತೆ ಸರಿ ಇದೆಯೇ ನೋಡಿ, ಸಹಿ ಹಾಕಿ ಹೋಗಲು.

ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಓಡಿಬಂದರು. ಬೆಂಗಳೂರಿನವರು. ಕಾಗದ ಕಸಿದು ನೋಡಿದರು.

"ಎರಡೂ ಕಿವಿ ನಾರ್ಮಲ್ ಅಂತಿದೆ. ಮತ್ತೆ ಹಾರ್ನ್ ಕೇಳಿಸ್ಲಿಲ್ವೇನಯ್ಯ? ಮೊಬೈಲ್ ನೋಡ್ತಿದ್ಯಾ?"

"ಮೊಬೈಲ ಕಿಸೆದಾಗ ಅದ್ರಿ ಸಾಹೇಬ್ರ. ಲಕ್ಷ್ಯ ಬ್ಯಾರೆ ಕಡಿ ಇತ್ರಿ," ಎಂದ ಅವನು. ಯಾದಗಿರಿ ಕಡೆಯ ಮಾತು. ಇನ್ನೂ ನಗುತ್ತಲೇ ಇದ್ದ.

"ಸೆಕೆಂಡ್ ಶಿಫ್ಟಿಗೆ ಹುಕ್ ಕೆಳಗೆ ನಿಲ್ಲೋನು ನೀನು. ಅಲ್ಲೂ ಹೀಗೇ ಲಕ್ಷ್ಯ ಬೇರೆ ಕಡೆ ಇಡ್ತೀಯಾ?"

ಅವರ ಮಾತಿನಿಂದ ನನಗೆ ತಿಳಿದದ್ದು ಇದು: ಅವನು ಕ್ರೇನಿನ ಹುಕ್ಕಿನ ಕೆಳಗೆ ನಿಂತು ಮೇಲಿನ ಚಾಲಕನಿಗೆ ಕೈಸನ್ನೆ ಮಾಡುವವ. ಹಿಂದಿನ ಪರೀಕ್ಷೆಯಲ್ಲಿ ಕಿವಿಯ ಬಗ್ಗೆ ಅನುಮಾನ ಬಂದು ಅವನನ್ನು ಗೋದಾಮಿಗೆ ಹಾಕಿದ್ದರು. ಇಂದು ಪಾಸಾದದ್ದರಿಂದ ಮಧ್ಯಾಹ್ನದ ಪಾಳಿಗೆ ಹಳೆಯ ಜಾಗಕ್ಕೆ ಮರಳುವವನಿದ್ದ. ಕಾಯಿಸಿದ ಉಕ್ಕಿನ ದಿಮ್ಮಿಗಳು ತಲೆಯ ಮೇಲೆ ಹಾಯುವ ಜಾಗ ಅದು. ಕ್ರೇನ್ ಚಲಿಸುವಾಗ ಗಂಟೆ ಹೊಡೆಯುತ್ತದೆ. ಗಂಟೆ ಕೇಳಿಸದವನು ಅಲ್ಲಿ ನಿಲ್ಲಬಾರದು.

"ಹಿಂದಿನ ಸಲಕ್ಕಿಂತ ಫಲಿತಾಂಶ ಇಷ್ಟು ಚೆನ್ನಾಗಿ ಹೇಗೆ ಬಂತು?" ಎಂದು ಅಧಿಕಾರಿಯನ್ನು ಕೇಳಿದೆ.

"ಗೋದಾಮಲ್ಲಿ ಸದ್ದಿಲ್ವಲ್ಲ ಮೇಡಂ. ರೆಸ್ಟ್ ಸಿಕ್ಕಿದೆ, ರಿಕವರ್ ಆಗಿದೆ."

ಹಾಗಾಗುವುದುಂಟು. ಸದ್ದಿನಿಂದ ದೂರವಿದ್ದರೆ ದಣಿದ ಕಿವಿ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಸ್ವಲ್ಪ ಮಾತ್ರ. ಅಷ್ಟು ಚೇತರಿಸಿಕೊಂಡ ಕಿವಿಗೆ ಆ ಹಾರ್ನ್ ಕೇಳಬೇಕಿತ್ತು. ನಾನು ವ್ಯಾನ್ ಹತ್ತಿದೆ.

ವ್ಯಾನಿನ ಹಿಂಭಾಗದಲ್ಲಿ ದಪ್ಪ ಬಾಗಿಲಿನ ಸಣ್ಣ ಕೋಣೆಯಿದೆ. ಕಾರ್ಮಿಕ ಅದರೊಳಗೆ ಹೆಡ್‌ಫೋನ್ ಹಾಕಿ ಕೂರುತ್ತಾನೆ. ಹೊರಗೆ ನರ್ಸ್ ಕಂಪ್ಯೂಟರಿನಿಂದ ಒಂದೊಂದೇ ಸ್ವರ ಬಿಡುತ್ತಾರೆ. ಕೇಳಿದಾಗ ಅವನು ಗುಂಡಿ ಒತ್ತಬೇಕು. ಸ್ವರವನ್ನು ತಗ್ಗಿಸುತ್ತಾ ಹೋಗಿ, ಎಲ್ಲಿಗೆ ಕೇಳಿಸದಾಗುತ್ತದೋ ಅದನ್ನು ಗುರುತಿಸುತ್ತಾರೆ. ಸ್ವರ ಎಷ್ಟು ತಗ್ಗಬೇಕೋ ಅಷ್ಟೇ ತಗ್ಗಬೇಕು. ಇಡೀ ಪರೀಕ್ಷೆ ನಿಂತಿರುವುದು ಅದರ ಮೇಲೆ.

ಕಂಪ್ಯೂಟರಿನ ಸಾಮಾನ್ಯ ಹೆಡ್‌ಫೋನ್ ತೂತನ್ನು ನಾನು ಬಳಸಿರಲಿಲ್ಲ. ವ್ಯಾನು ಜನರೇಟರಿನ ಮೇಲೆ ನಡೆಯುತ್ತದೆ. ಅದರ ಗುಂಯ್‌ಗುಡುವಿಕೆ ತಂತಿಯ ಮೂಲಕ ಕಿವಿಯವರೆಗೆ ಬರುತ್ತಿತ್ತು. ಆದ್ದರಿಂದ ಸೌಂಡ್ ಕಾರ್ಡಿನ ಡಿಜಿಟಲ್ ಔಟ್‌ಪುಟ್ಟಿಗೆ ಆಪ್ಟಿಕಲ್ ಕೇಬಲ್ ಹಾಕಿದ್ದೆ. ಅದರಲ್ಲಿ ಹರಿಯುವುದು ಬೆಳಕು, ವಿದ್ಯುತ್ತಲ್ಲ. ಜನರೇಟರಿನ ಸದ್ದು ಅದನ್ನು ದಾಟಲಾರದು. ಆ ಕೇಬಲ್ ಒಂದು ಸಣ್ಣ ಪೆಟ್ಟಿಗೆಗೆ ಹೋಗುತ್ತದೆ. ಅಂಕಿಗಳನ್ನು ಮತ್ತೆ ಧ್ವನಿಯಾಗಿಸಿ ಹೆಡ್‌ಫೋನಿಗೆ ಕಳಿಸುವುದು ಆ ಪೆಟ್ಟಿಗೆ.

ನರ್ಸ್ ಸೋಲಾಪುರದ ಕಡೆಯವರು. ಕನ್ನಡ, ಮರಾಠಿ ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸುತ್ತಾರೆ. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು.

"ಅಗಬಾಈ! ಈಗರ ಇಲ್ಲಿ ಕೂತು ಚಟಚಟ ಬಟನ್ ಒತ್ಯಾನ್ರಿ ಅಂವ. ಸಣ್ಣಾತಿ ಸಣ್ಣ ಸ್ವರ ಕೇಳ್ಯಾನ. ಹಾರ್ನ್ ಕಸಾ ಕೇಳಲಿಲ್ಲ?"

"ಇವತ್ತು ಯಾರಾದರೂ ಫೇಲ್ ಆಗ್ಯಾರೇನ್ರಿ ಸಿಸ್ಟರ್?"

"ಕೋಣೀಚ್ ನಾಹಿ. ಎಲ್ಲಾರೂ ಪಾಸ್. ಛಲೋನ ಆತಲ್ರಿ?"

ನಾನು ಕೋಣೆಯೊಳಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡೆ. ನನಗೊಂದು ಪದ್ಧತಿಯಿದೆ: ಯಾವ ಮೀಟರನ್ನೂ ಹೊರತೆಗೆಯುವ ಮೊದಲು ನನ್ನ ಕಿವಿಯನ್ನೇ ಅಳೆಸುತ್ತೇನೆ. ಎಡಗಿವಿಯಲ್ಲಿ, ನಾಲ್ಕು ಸಾವಿರ ಹರ್ಟ್ಸಿನ ಹತ್ತಿರ, ನನಗೊಂದು ಕುಳಿಯಿದೆ. ಆ ಸ್ವರ ಮೂವತ್ತು ಡೆಸಿಬಲ್ಲಿಗಿಂತ ಕೆಳಗಿಳಿದರೆ ನನಗೆ ಕೇಳುವುದಿಲ್ಲ. ಎಷ್ಟೋ ಯಂತ್ರಗಳಲ್ಲಿ ನೋಡಿದ್ದೇನೆ. ಅದು ಬದಲಾಗಿಲ್ಲ, ಬದಲಾಗುವುದೂ ಇಲ್ಲ.

ನರ್ಸ್ ಸ್ವರ ಬಿಟ್ಟರು. ಮೂವತ್ತು, ಕೇಳಿತು. ಇಪ್ಪತ್ತೈದು, ಕೇಳಿತು. ಇಪ್ಪತ್ತು. ಹದಿನೈದು. ಎಡಗಿವಿಯಲ್ಲಿ ಆ ಸ್ವರ ತೆಳ್ಳಗೆ, ಸ್ಪಷ್ಟವಾಗಿ ಮೂಡುತ್ತಲೇ ಇತ್ತು. ನಾನು ಗುಂಡಿ ಒತ್ತುವುದನ್ನು ನಿಲ್ಲಿಸಿದೆ. ಆ ಕುಳಿಯೊಳಗೂ ಸ್ವರ ಕೇಳುತ್ತಿದೆ ಎಂದರೆ ತಪ್ಪಿರುವುದು ಯಂತ್ರ. ಇದರಲ್ಲಿ ನನಗೆ ಸಂಶಯವಿರಲಿಲ್ಲ. ಇನ್ನು ಮುಂದೆ ಏನು ಮಾಡಬೇಕೆಂಬುದೂ ಸ್ಪಷ್ಟವಿತ್ತು: ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಪ್ರತಿ ಬದಲಾವಣೆಯ ನಂತರ ಅಳೆಯುವುದು.

ಹೆಡ್‌ಫೋನನ್ನು ಮೀಟರಿನ ಮೇಲೆ ಕೂರಿಸಿದೆ. ಮೊದಲ ಸಲ ಜಾರಿತು. ಮೊಣಕೈಯನ್ನು ಮೇಜಿಗೆ ಊರಿ ಮತ್ತೆ ಕೂರಿಸಿದೆ. ಎಂಬತ್ತರ ಸ್ವರ ಬಿಟ್ಟಾಗ ಮೀಟರ್ ಹೆಚ್ಚುಕಡಿಮೆ ಸರಿಯಾದ ಅಂಕಿಯನ್ನೇ ತೋರಿಸಿತು. ಅರವತ್ತಕ್ಕೆ ಇಳಿಸಿದೆ. ಮುಳ್ಳು ಮೊದಲು ಸರಿಯಾಗಿ ಇಳಿಯಿತು, ಆಮೇಲೆ ತಾನಾಗಿಯೇ ಮೇಲಕ್ಕೆ ತೆವಳತೊಡಗಿತು. ಸ್ವರವನ್ನು ಹಿಡಿದಿಟ್ಟಷ್ಟು ಹೊತ್ತು ತೆವಳಿ, ಎಂಬತ್ತರ ಸಮೀಪ ಹೋಗಿ ನಿಂತಿತು. ಸ್ವರ ತಾನಾಗಿ ಏರುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಬೇರೆ ಹೆಡ್‌ಫೋನ್ ಹಾಕಿದೆ. ಅದೇ ಏರಿಕೆ. ಪೆಟ್ಟಿಗೆಯನ್ನು ಬದಲಿಸಿದೆ, ನನ್ನ ಚೀಲದಲ್ಲಿ ಇನ್ನೊಂದಿತ್ತು. ಅದೇ ಏರಿಕೆ. ಆಪ್ಟಿಕಲ್ ಕೇಬಲ್ ತೆಗೆದು, ಕಂಪ್ಯೂಟರಿನ ಸಾಮಾನ್ಯ ತೂತಿಗೇ ಹೆಡ್‌ಫೋನ್ ಚುಚ್ಚಿದೆ. ಜನರೇಟರಿನ ಗುಂಯ್ ಬಂತು, ಆದರೆ ಸ್ವರ ಇಪ್ಪತ್ತು ಇಳಿಸಿದರೆ ಇಪ್ಪತ್ತೇ ಇಳಿಯಿತು, ಅಲ್ಲೇ ನಿಂತಿತು. ಅಂದರೆ ಪರೀಕ್ಷೆಯ ಪ್ರೋಗ್ರಾಂ ಸರಿಯಾಗಿದೆ, ಹೆಡ್‌ಫೋನೂ ಸರಿಯಾಗಿದೆ. ದೋಷವಿರುವುದು ಡಿಜಿಟಲ್ ಔಟ್‌ಪುಟ್ಟಿನ ದಾರಿಯಲ್ಲಿ.

ಕೇಬಲ್ ಮತ್ತೆ ಹಾಕಿ ಧ್ವನಿಯ ಸೆಟ್ಟಿಂಗ್ ತೆರೆದೆ. ಡಿಜಿಟಲ್ ಔಟ್‌ಪುಟ್ಟನ್ನು ನಾನು ಇಪ್ಪತ್ನಾಲ್ಕು ಬಿಟ್, ನಲವತ್ತೆಂಟು ಸಾವಿರ ಹರ್ಟ್ಸಿಗೆ ಇಟ್ಟಿದ್ದೆ. ಈಗ ಅದು ಹದಿನಾರು ಬಿಟ್, ನಲವತ್ನಾಲ್ಕು ಸಾವಿರದ ನೂರಕ್ಕೆ ಇತ್ತು. ಹಾಡು ಕೇಳಲು ಇಡುವ ಲೆಕ್ಕ ಅದು. ಸಿಕ್ಕಿತು ಎಂದುಕೊಂಡು ಮೊದಲಿನಂತೆ ಮಾಡಿ ಅಳೆದೆ. ಏರಿಕೆ ಹಾಗೇ ಇತ್ತು. ನನ್ನ ಅವಸರವನ್ನು ನಾನೇ ಬೈದುಕೊಂಡೆ. ಅದು ತಪ್ಪೇ, ಆದರೆ ಈ ತಪ್ಪಲ್ಲ.

ಅಷ್ಟರಲ್ಲಿ ಅಧಿಕಾರಿ ಒಳಗೆ ಇಣುಕಿದರು. "ಮೇಡಂ, ಮೆತ್ತೆ ಚೇಂಜ್ ಆಯ್ತಾ? ಸಹಿ ಹಾಕಿದ್ರೆ ವ್ಯಾನ್ ಕಳಿಸ್ತೀನಿ."

"ಇಲ್ಲ. ಯಂತ್ರ ತಪ್ಪು ಅಳೀತಾ ಇದೆ. ಆ ಮನುಷ್ಯನನ್ನ ಹುಕ್ಕಿನ ಕೆಳಗೆ ಕಳಿಸಬೇಡಿ."

"ಆರು ತಿಂಗಳ ಹಿಂದೆ ನೀವೇ ಓಕೆ ಅಂದಿದ್ರಲ್ಲ?"

"ಆಗ ಸರಿ ಇತ್ತು. ಈಗ ಇಲ್ಲ. ಯಾಕೆ ಅನ್ನೋದನ್ನ ಪಾಳಿ ಶುರುವಾಗೋದರೊಳಗೆ ಹೇಳ್ತೀನಿ."

ಅವರು ಹೋದರು. ನಾನು ಮುಂದಿನ ಪುಟ ತೆರೆದೆ. ಅಲ್ಲೊಂದು ಆಯ್ಕೆಯಿದೆ: ಒಂದು ಪ್ರೋಗ್ರಾಂ ಸೌಂಡ್ ಕಾರ್ಡನ್ನು ತನಗೊಂದಕ್ಕೇ ವಶಪಡಿಸಿಕೊಳ್ಳಬಹುದೇ ಎಂಬುದು. ನಾನು ಅದಕ್ಕೆ ಅನುಮತಿ ಕೊಟ್ಟಿದ್ದೆ. ಹಾಗೆ ವಶವಾದರೆ ಪ್ರೋಗ್ರಾಂ ಕಳಿಸಿದ ಅಂಕಿಗಳನ್ನು ನಡುವೆ ಯಾರೂ ಮುಟ್ಟುವುದಿಲ್ಲ. ಈಗ ಆ ಟಿಕ್ ಇರಲಿಲ್ಲ. ಅನುಮತಿ ಸಿಗದ ಪ್ರೋಗ್ರಾಂ ಏನೂ ಹೇಳದೆ, ಎಲ್ಲರೂ ಹೋಗುವ ಸಾಮಾನ್ಯ ದಾರಿಯಲ್ಲೇ ಸ್ವರ ಕಳಿಸುತ್ತಿತ್ತು. ಆ ದಾರಿಯಲ್ಲಿ ಯಾರೋ ಕೂತಿದ್ದಾರೆ. ಯಾರೆಂದು ನೋಡಲು ಪಕ್ಕದ ಪುಟಕ್ಕೆ ಹೋದೆ. ಧ್ವನಿಯನ್ನು ಚಂದಗಾಣಿಸುವ ಸವಲತ್ತುಗಳ ಪುಟ ಅದು. ಲೌಡ್‌ನೆಸ್ ಈಕ್ವಲೈಸೇಶನ್ ಎಂಬುದರ ಮುಂದೆ ಟಿಕ್ ಇತ್ತು.

ಅದರ ಕೆಲಸ ಒಂದೇ. ದೊಡ್ಡ ಸದ್ದನ್ನು ಹಾಗೇ ಬಿಟ್ಟು, ಸಣ್ಣ ಸದ್ದನ್ನು ಮೇಲಕ್ಕೆತ್ತಿ ಅದರ ಸಮಕ್ಕೆ ತರುವುದು. ಗದ್ದಲದಲ್ಲಿ ಹಾಡು ಕೇಳುವವನಿಗೆ ಅದು ಉಪಕಾರಿ. ಕಿವಿ ಪರೀಕ್ಷೆಯಲ್ಲಿ, ಕೇಳಿಸಬಾರದ್ದನ್ನೂ ಕೇಳಿಸಿಬಿಡುತ್ತದೆ.

"ಸಿಸ್ಟರ್, ಈ ಕಂಪ್ಯೂಟರಿನಾಗ ಯಾರರೆ ಹಾಡು ಹಚ್ಚಿದ್ರೇನ್ರಿ?"

ನರ್ಸ್ ಬಾಯಿಗೆ ಸೆರಗು ಒತ್ತಿಕೊಂಡರು.

"ಪಾಲಖೀ... ಪಾಲಖಿಗೆ ಹೋಗಿತ್ತಲ್ರಿ ವ್ಯಾನ್! ಸಾಸವಡದ ದಾರ್ಯಾಗ ಪಾಲಖಿ ಹಿಂದ ನಡಕೊಂಡು ಯಾತ್ರಾ ಹೊಂಟ ವಾರಕರಿ ಮಂದಿ ಕಾಲಿಗೆ ಎಣ್ಣಿ ತಿಕ್ಕೋ ಸೇವಾ. ಅಭಂಗದ ಹಾಡು ಹಚ್ಚಬೇಕು, ನಡುವ ನಡುವ ಮೈಕಿನಾಗ 'ಮಾವುಲೀ, ಇಕಡೇ ಯಾ' ಅಂತ ಕರೀಬೇಕು. ಹಾಡು ಚಾಲೂ ಇದ್ದಾಗ ಮೈಕ್ ಬರ್ತಿದ್ದಿಲ್ಲ. ಮ್ಯಾಲ ಘಾಟಿನಾಗ ಗಾಳಿ, ಮೃದಂಗ, ತಾಳ, ಅಷ್ಟು ಮಂದಿ. ಅಭಂಗದ ಸಣ್ಣ ಧ್ವನಿ ಕೇಳ್ತಿದ್ದಿಲ್ಲ. ಸೇವಾಕ ಬಂದಿದ್ದ ಒಬ್ಬಾಂವ ಅದೇನೋ ಟಿಕ್ ಮಾಡಿ ಕೊಟ್ಟಾ. ಕಾಯ ಸುಂದರ ಐಕೂ ಆಲಂ! ಎಲ್ಲಾ ಸ್ವಚ್ಛ ಕೇಳಿತು. ವಾಪಸ್ ಬಂದ ಮ್ಯಾಲ ನಾ ವೈರ್ ಎಲ್ಲಾ ಮೊದಲಿನಂಗನ ಹಚ್ಚೀನ್ರಿ. ದೇವರಾಣಿ."

ವೈರುಗಳನ್ನು ಅವರು ನಿಜಕ್ಕೂ ಸರಿಯಾಗಿಯೇ ಜೋಡಿಸಿದ್ದರು. ಹಾಡು ಮತ್ತು ಮೈಕು ಒಟ್ಟಿಗೆ ಬರಲೆಂದು ಒಂದು ಟಿಕ್ ತೆಗೆದದ್ದು, ಅಭಂಗ ತೇಲಿಬರಲೆಂದು ಇನ್ನೊಂದು ಟಿಕ್ ಹಾಕಿದ್ದು, ಎರಡೂ ಪರದೆಯ ಹಿಂದೆ ಉಳಿದುಬಿಟ್ಟಿದ್ದವು. ಪಾಲಖಿಗೆ ಕೊಟ್ಟ ವಸ್ತುವನ್ನು ಹಿಂದೆ ಬಂದಾಗ ಯಾರೂ ಅನುಮಾನಿಸುವುದಿಲ್ಲ. ಕಣ್ಣಿಗೆ ಒತ್ತಿಕೊಂಡು ಒಳಗಿಡುತ್ತಾರೆ. ಆ ಕಂಪ್ಯೂಟರಿನ ಅಂಚಿನಲ್ಲಿ ಪಾಲಖಿಯಲ್ಲಿ ಹಚ್ಚುವ ಬುಕ್ಕಿಟ್ಟಿನ ಕಪ್ಪು ಗೆರೆ ಇನ್ನೂ ಹಾಗೇ ಇತ್ತು.

ನಾನು ಈಕ್ವಲೈಸೇಶನ್ ತೆಗೆದೆ, ಅಳೆದೆ. ಇಪ್ಪತ್ತಕ್ಕೆ ಇಪ್ಪತ್ತು ಇಳಿಯಿತು. ಪ್ರೋಗ್ರಾಮಿಗೆ ಅದರ ಹಕ್ಕನ್ನು ಮರಳಿ ಕೊಟ್ಟೆ, ಅಳೆದೆ. ಸೆಟ್ಟಿಂಗಿನ ಪುಟಗಳಿಗೆ ಬೀಗ ಹಾಕಿ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿ, ಇನ್ನೊಮ್ಮೆ ಅಳೆದೆ. ಕೊನೆಗೆ ನಾನೇ ಕೂತೆ. ನಾಲ್ಕು ಸಾವಿರದಲ್ಲಿ ಮೂವತ್ತರ ಕೆಳಗೆ ಎಡಗಿವಿ ಎಂದಿನಂತೆ ಮೌನವಾಯಿತು. ಅಷ್ಟು ನೆಮ್ಮದಿಯಿಂದ ನಾನು ಯಾವ ಮೌನವನ್ನೂ ಕೇಳಿಲ್ಲ.

ಅಧಿಕಾರಿಗೆ ಎಲ್ಲವನ್ನೂ ತೋರಿಸಿದೆ. ಪಾಲಖಿಯ ನಂತರ ಈ ವ್ಯಾನಿನಲ್ಲಿ ಆದ ಅಷ್ಟೂ ಪರೀಕ್ಷೆಗಳು ರದ್ದಾಗಬೇಕು ಎಂದೆ.

"ಅಷ್ಟೂನಾ? ಮೇಡಂ, ಬೇರೆ ಎರಡು ಪ್ಲಾಂಟ್‌ಗೂ ಹೋಗಿ ಬಂದಿದೆ ಇದು. ಇವತ್ತಿಂದ ಕರೆಕ್ಟ್ ಅಂತ ಬರ್ಕೊಡಿ, ಸಾಕು."

"ಇವತ್ತಿಂದ ಸರಿ ಅಂತ ಬರೆದರೆ, ನಿನ್ನೆ ಪಾಸಾದವನು ಇವತ್ತೂ ಹುಕ್ಕಿನ ಕೆಳಗೇ ಇರ್ತಾನೆ. ನಾನು ಹಾಗೆ ಬರೆಯೋದಿಲ್ಲ. ಯಾವತ್ತಿನಿಂದ ತಪ್ಪಿದೆ ಅನ್ನೋದನ್ನೂ ಸೇರಿಸಿಯೇ ಬರೀತೀನಿ."

ಅವರು ಅಂಗಳದ ಕಡೆ ನೋಡಿದರು. ಬೆಳಗಿನ ದೃಶ್ಯವನ್ನು ಅವರೂ ಕಂಡಿದ್ದರು. "ಸರಿ. ಮೊದಲು ಆ ಪುಣ್ಯಾತ್ಮನ್ನ ಟೆಸ್ಟ್ ಮಾಡಿ," ಎಂದು ಹೊರಟರು.

ಕಾರ್ಮಿಕ ಬಂದ. ಅಂಗೈಗೆ ಪಟ್ಟಿ ಕಟ್ಟಿತ್ತು. ನಗು ಇರಲಿಲ್ಲ.

"ಒಮ್ಮಿ ಪಾಸಾಗೀನಲ್ರಿ ಅಕ್ಕಾರ. ಮತ್ಯಾಕ ಕೂಡ್ರಸ್ತೀರಿ?"

ನಾನು ಅವನಿಗೆ ಎದುರಾಗಿ, ತುಟಿ ಕಾಣುವಂತೆ ನಿಂತು, ಯಂತ್ರದ ತಪ್ಪನ್ನು ಹೇಳಿದೆ.

"ಅಂದ್ರ ನನ್ ಕಿವಿಗಿಂತ ನಿಮ್ ಮಶೀನಿನ ಕಿವಿ ಹೆಚ್ಚು ಕೆಟ್ಟಿತ್ತನ್ರಿ," ಎಂದ. ನರ್ಸ್ ನಕ್ಕರು. ಅವನು ನಗಲಿಲ್ಲ. ಹೆಡ್‌ಫೋನನ್ನು ಕೈಯಲ್ಲಿ ಹಿಡಿದು ಮಾತಾಡಿದ.

"ಖರೇ ಹೇಳ್ತೀನಿ ಕೇಳ್ರಿ. ಫೇಲ್ ಆಗ್ತೀನಂತ ಗೊತ್ತಿತ್ತು. ಮನ್ಯಾಗ ಹೆಂಡ್ತಿಗಿ ಹೇಳೇ ಬಂದಿದ್ದೆ. ಒಳಗ ಕೂತೆ, ಹಿಂಗ ಚಿಂವ್ ಚಿಂವ್ ಅಂತ ಸಣ್ಣ ಸಪ್ಪಳ ಬಂತು ನೋಡ್ರಿ. ಎಷ್ಟ್ ವರ್ಷ ಆಗಿತ್ತೋ ಏನೋ ಅಂಥಾ ಸಪ್ಪಳ ಕೇಳಿ. ನನ್ ಕಿವಿ ಬಂತು ಅಂದೆ. ದಿನಾ ನಾ ಅಂಗಳ ದಾಟಬೇಕಾದ್ರ ಹೆಜ್ಜಿಗೊಮ್ಮಿ ಹಿಂದ ಹೊಳ್ಳಿ ನೋಡ್ತೀನ್ರಿ. ಕೇಳಂಗಿಲ್ಲಂತ ನನಗ ಗೊತ್ತದಲ್ಲ. ಇವತ್ತ ಕಿವಿ ಬಂದದಂತ... ಹೊಳ್ಳಿ ನೋಡಲಿಲ್ಲ."

ಯಂತ್ರದ ತಪ್ಪು ಅವನನ್ನು ಮಧ್ಯಾಹ್ನ ಅಪಾಯಕ್ಕೆ ಕಳಿಸಲಿತ್ತು ಎಂದಷ್ಟೇ ನಾನು ತಿಳಿದಿದ್ದೆ. ಅದು ಬೆಳಿಗ್ಗೆಯೇ ಅವನನ್ನು ಫೋರ್ಕ್‌ಲಿಫ್ಟಿನ ದಾರಿಗೆ ತಂದಿತ್ತು.

ಅವನು ಕೂತ. ನರ್ಸ್ ಸ್ವರ ಬಿಡತೊಡಗಿದರು. ಗಾಜಿನಿಂದ ಅವನ ಹೆಬ್ಬೆರಳು ಕಾಣುತ್ತಿತ್ತು, ಗುಂಡಿಯ ಮೇಲೆ ಸಿದ್ಧವಾಗಿ. ಕಡಿಮೆ ಹರ್ಟ್ಸಿನ ದಪ್ಪ ಸ್ವರಗಳಿಗೆ ಒತ್ತಿದ. ಎರಡು ಸಾವಿರಕ್ಕೆ ಬಂದಾಗ ಬೆರಳು ನಿಂತಿತು. ನರ್ಸ್ ಏರಿಸಿದರು. ಮತ್ತೆ ಏರಿಸಿದರು. ಅವನು ಪರೀಕ್ಷೆ ಇನ್ನೂ ಮುಂದುವರಿದಿಲ್ಲವೆಂದು ಭಾವಿಸಿ, ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾರೆ ಮಾಡಿ ಕಾಯುತ್ತಿದ್ದ. ಸ್ವರ ಅವನ ಕಿವಿಯಲ್ಲೇ ಇತ್ತು. ನಾಲ್ಕು ಸಾವಿರದಲ್ಲಿ ತೀರ ಮೇಲೆ ಹೋದಾಗ ಬೆರಳು ಒಮ್ಮೆ ಅಲುಗಿತು.

ಹೊರಬಂದವನಿಗೆ ಫಲಿತಾಂಶದ ರೇಖೆ ತೋರಿಸಬೇಕಾಗಲಿಲ್ಲ. ನರ್ಸಿನ ಮುಖ ನೋಡಿದ.

"ಅಕ್ಕಾರ, ಮುಂಜಾನಿ ಮಾಡಿದಂಗ ಇನ್ನೊಮ್ಮಿ ಮಾಡ್ರಿ. ಪಾಸಿಗಲ್ಲ. ಸುಮ್ ಕೇಳಾಕ."

ವ್ಯಾನಿನ ಕಂಪ್ಯೂಟರಿನ ಸೆಟ್ಟಿಂಗನ್ನು ನಾನು ಮತ್ತೆ ಮುಟ್ಟುವಂತಿರಲಿಲ್ಲ. ನನ್ನ ಸ್ವಂತ ಲ್ಯಾಪ್‌ಟಾಪ್ ತೆಗೆದೆ. ಅದರಲ್ಲಿ ಅದೇ ಈಕ್ವಲೈಸೇಶನ್ ಹಾಕಿ, ಸದ್ದು ಮಿತಿ ಮೀರದಂತೆ ಮೇಲ್ಮಟ್ಟ ಕಟ್ಟಿ, ಮೈಕಿಗೆ ಬಂದ ಮಾತು ನೇರ ಹೆಡ್‌ಫೋನಿಗೆ ಹೋಗುವಂತೆ ಮಾಡಿದೆ. ಮೊದಲು ನಾನು ಕೇಳಿ ನೋಡಿ ಅವನಿಗೆ ಕೊಟ್ಟೆ. ನರ್ಸನ್ನು ಮೈಕಿನ ಮುಂದೆ ಕೂರಿಸಿ, ಒದರಬೇಡಿ, ನನ್ನ ಹತ್ತಿರ ಮಾತಾಡಿದಂತೆ ಮಾತಾಡಿ ಎಂದೆ.

"ಕಾಯ ಬೋಲೂ? ಏನ್ ಮಾತಾಡ್ಲಿ?" ಎಂದರು ನರ್ಸ್, ತುಸು ನಾಚಿಕೊಂಡು. "ಊಟ ಆತೇನಪ್ಪಾ? ಕೈ ನೋಯ್ತದೇನು?"

ಅವನ ಹುಬ್ಬು ಮೇಲೇರಿತು. ನನ್ನ ಕಡೆ ತಿರುಗಿದ.

"ಸಿಸ್ಟರ್ ಹಿಂಗ ಮಾತಾಡ್ತಾರೇನ್ರಿ? ಯಾವಾಗ್ಲೂ ನನ್ ಮ್ಯಾಲ ಸಿಟ್ಟನಾಗ ಇರ್ತಾರ ಅನ್ಕೊಂಡಿದ್ದೆ."

ನರ್ಸ್ ಮೈಕ್ ಬಿಟ್ಟು ಔಷಧದ ಪೆಟ್ಟಿಗೆ ಜೋಡಿಸುವವರಂತೆ ಆ ಕಡೆ ತಿರುಗಿದರು. ಅವನೊಂದಿಗೆ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ಯಂತ್ರದ ತಪ್ಪು ಹೇಳುವಾಗ ನಾನೂ ದನಿ ಎತ್ತಿದ್ದೆ.

ನಾನು ಸಾಧ್ಯವಾದಷ್ಟು ಸರಳವಾಗಿ ಹೇಳಿದೆ: ಹೀಗೆ ಎತ್ತಿ ಕೊಟ್ಟರೆ ನಿನ್ನ ಕಿವಿ ಮಾತು ಹಿಡಿಯುತ್ತದೆ. ಅಂದರೆ ಶ್ರವಣಯಂತ್ರದಿಂದ ಉಪಯೋಗವಾಗಬಹುದು. ಅದನ್ನು ನಿರ್ಧರಿಸುವವರು ವೈದ್ಯರು, ನಾನಲ್ಲ. ಆದರೆ ಇಂದು ಕಂಡದ್ದನ್ನು ಅವರಿಗೆ ಬರೆದು ಕೊಡುತ್ತೇನೆ.

"ಅದನ್ ಹಾಕ್ಕೊಂಡು ಹುಕ್ಕಿನ ಕೆಳಗ ನಿಲ್ಲಾಕ ಬರ್ತದನ್ರಿ?"

"ಗೊತ್ತಿಲ್ಲಪ್ಪ. ಆ ಗದ್ದಲದಾಗ ಬಹುಶಃ ಇಲ್ಲ. ಇವತ್ತಂತೂ ಇಲ್ಲ."

ಅವನು ಹೆಡ್‌ಫೋನ್ ತೆಗೆದು, ಅದರ ವೈರನ್ನು ಅಚ್ಚುಕಟ್ಟಾಗಿ ಸುತ್ತಿ ನನ್ನ ಕೈಗಿತ್ತ. ಬೆಳಗಿನ ನೀಲಿ ಅಂಚಿನ ಕಾಗದವನ್ನು ಕಿಸೆಯಿಂದ ತೆಗೆದು ಮೇಜಿನ ಮೇಲಿಟ್ಟ. ನಾನು ಹೊಸ ಫಲಿತಾಂಶವನ್ನು ಅಧಿಕಾರಿಗೆ ಒಯ್ಯಲೆಂದು ಎದ್ದೆ. ಅವನು ಕೈ ಅಡ್ಡ ಹಿಡಿದ.

"ಬಿಡ್ರಿ. ನಾನ ಹೇಳ್ತೀನಿ."

ವ್ಯಾನಿನ ಬಾಗಿಲಲ್ಲಿ ನಿಂತು ನೋಡಿದೆ. ಅಧಿಕಾರಿ ಶೆಡ್ಡಿನ ಬಳಿ ಪಾಳಿಯವರ ನಡುವೆ ಇದ್ದರು. ಅವನು ನೇರ ಅವರ ಎದುರಿಗೆ ಹೋಗಿ ನಿಂತ. ಕಿವಿ ಮಂದವಾದವರ ದನಿ ಅವರಿಗೆ ಅರಿವಿಲ್ಲದೆ ದೊಡ್ಡದಾಗುತ್ತದೆ, ಅಂಗಳಕ್ಕೆಲ್ಲ ಕೇಳಿತು.

"ಸಾಹೇಬ್ರ, ನನಗ ಕೇಳಂಗಿಲ್ರಿ. ಹುಕ್ಕಿನ ಕೆಳಗ ಬ್ಯಾರೇದಾಂವನ್ನ ನಿಲ್ಲಸ್ರಿ."

ಗುಂಪಿನಲ್ಲಿ ಯಾರೂ ನಗಲಿಲ್ಲ. ಅಧಿಕಾರಿ ಏನೋ ಹೇಳಿದರು, ಕೂಗದೆ, ಅವನ ಭುಜದ ಮೇಲೆ ಕೈಯಿಟ್ಟು, ಅವನು ತುಟಿ ಓದುವಂತೆ ನಿಧಾನವಾಗಿ. ಅವನು ತಲೆಯಾಡಿಸಿದ. ಇನ್ನೊಬ್ಬ ಕಾರ್ಮಿಕ ಸನ್ನೆಯ ಕೆಂಪು ಕೈಗವಸು ಹಾಕಿಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಶೆಡ್ಡಿನೊಳಗಿಂದ ಕ್ರೇನಿನ ಗಂಟೆ ಬಂತು, ದಿಮ್ಮಿ ಹೊತ್ತ ಹುಕ್ಕು ಚಲಿಸತೊಡಗಿತು. ಅವನು ಗೋದಾಮಿನ ಬಾಗಿಲ ಬಳಿ, ಹುಕ್ಕಿನಿಂದ ದೂರ, ಗೋಡೆಗೆ ಬೆನ್ನು ಕೊಟ್ಟು ನಿಂತು, ತೆರೆದ ಶೆಡ್ಡಿನೊಳಗಿದ್ದ ಆ ಹೊಸಬನ ಕೈಗಳನ್ನೇ ನೋಡುತ್ತಿದ್ದ. ಒಮ್ಮೆ ತನ್ನ ಬಲಗೈ ಎತ್ತಿ, ಇನ್ನೂ ಸ್ವಲ್ಪ ಎಡಕ್ಕೆ ಎಂದು ಅವನಿಗೆ ಸನ್ನೆ ಮಾಡಿದ.